ಶೂನ್ಯ ದೋಷ

ಎಣ್ಣಿ ಅರಿವಿಯೊಳಗ ಸುತ್ತಿದ ವರ್ನಿಯರ್ ಕಿಸೆಯಾಗ ಇಟ್ಕೊಂಡು
ಶನಿವಾರಕ್ಕೊಮ್ಮೆ ಶಹಾಬಾದಿನ ಸರ್ಕಾರಿ ಹೈಸ್ಕೂಲಿಗಿ ಹೋಗ್ತೀನಿ.
ಕಾರ್ಖಾನಿ ಮುಚ್ಚಿದ ದಿನ ಎಲ್ಲರೂ ಒಂದೊಂದು ಮನಿಗಿ ಒಯ್ದರು,
ಯಾರೋ ಗಡಿಯಾರ, ಯಾರೋ ಫ್ಯಾನು.
ನಾ ಇದನ್ನ. ನಂದೇ, ರೊಕ್ಕ ಕೊಟ್ಟು ತಗೊಂಡದ್ದು,
ಆದರೂ ಗೇಟ್ ದಾಟುವಾಗ ಎದಿ ಹೊಡಕೊಂಡಿತ್ತು.

ಶಾಲಿಯಾಗ ಹೊಸ ಮಷಿನ್ ಅದ,
ಪ್ಲಾಸ್ಟಿಕ್ಕಿನ ಸಾಮಾನು ತಾನೇ ಅಚ್ಚು ಹಾಕ್ತದಂತ.
ಕೋಣಿ ಕೀಲಿ ಕ್ಲರ್ಕ್ ಹತ್ರ,
ಕ್ಲರ್ಕ್ ಡೆಪ್ಯುಟೇಶನ್ ಮ್ಯಾಲ ಚಿತ್ತಾಪುರದಾಗ.
ಹಿಂಗಾಗಿ ಬೇವಿನ ಗಿಡದ ಕೆಳಗೇ ನಮ್ಮ ಪಾಠ:
ಒಂಬತ್ತನೇತ್ತೆ ಇಪ್ಪತ್ತೊಂದು ಹುಡುಗೂರು,
ಮೂರು ಅರ, ಒಂದು ವೈಸು, ಕೆಮ್ಮೋ ನಾನು.

"ಮೊದ್ಲ ಏನನ್ನೂ ಅಳೀಬ್ಯಾಡ್ರಿ.
ಇದರ ದವಡಿ ಮುಚ್ಚ್ರಿ. ನಡುವ ಏನೂ ಇಲ್ಲ.
ಈಗ ಹೇಳ್ರಿ, ಎಷ್ಟು ಸುಳ್ಳು ಹೇಳ್ಲತ್ತದ?"
ನಾಕು ನೂರಾಂಶ. ಒಮ್ಮೆ ಲೇತಿನ ಮ್ಯಾಲಿಂದ ಬಿದ್ದಿತ್ತು,
ಅವತ್ತಿನಿಂದ ಎಲ್ಲಕ್ಕೂ ಅಷ್ಟೇ ಹೆಚ್ಚು ಹೇಳ್ತದ.
"ಬಿಸಾಕಿ ಹೊಸಾದು ತರ್ಬೇಕಲ್ರಿ ಸರ" ಅಂದ ಮಶಾಕ.
ದಿನಾ ಒಂದೇ ಸುಳ್ಳು ಹೇಳಾಂವನ ಸಂಗಡ ಬಾಳೇವು ಮಾಡಬಹುದು ತಮ್ಮಾ,
ಕಳೆದು ಬಿಟ್ರ ಆಯ್ತು.
ದಿನಕ್ಕೊಂದು ಹೇಳಾಂವಂದೇ ಕಷ್ಟ.

ಜಗದೇವಿ ಅಪ್ಪ ಫರ್ಸಿ ಖಣಿಯಾಗ ಕಲ್ಲು ಎಬ್ಬಿಸ್ತಾನ.
ಅಂಚಿಗಿ ಹೆಬ್ಬೆಟ್ಟು ಸವರಿ "ಇಪ್ಪತ್ತೈದು" ಅಂದನಂದ್ರ
ಮುಕಾದಮ ಸುಮ್ಮ ಬರಕೋತಾನ.
ಆಕಿ ವರ್ನಿಯರ್ ಬೇಡಿದಳು, ಒಂದು ಆಯ್ತವಾರದ ಮಟ್ಟಿಗಿ.
ಮೂವತ್ತೈದು ವರ್ಷ ಯಾರ ಕೈಗೂ ಕೊಟ್ಟಿಲ್ಲ.
ಕೊಟ್ಟೆ.
ರಾತ್ರಿ ನಿದ್ದಿ ಬರಲಿಲ್ಲ, ಅದೂ ಲೆಕ್ಕದಾಗ ಇರಲಿ.

ಸೋಮವಾರ ಹೊತ್ತು ಏರೋದ್ರಾಗ ಬಾಗಿಲಿಗಿ ಬಂದಳು,
ಜಡಿಯಾಗ ಬೂದು ಧೂಳು, ರಫ್ ನೋಟಿನಾಗ ಎರಡು ಸಾಲು:
ಅಪ್ಪ ಹೇಳಿದ್ದು. ವರ್ನಿಯರ್ ಹೇಳಿದ್ದು. ನಲವತ್ತು ಕಲ್ಲು.
"ಅಪ್ಪನ ಹೆಬ್ಬೆಟ್ಟಿಗೂ ಶೂನ್ಯ ದೋಷ ಅದ ಸರ.
ಎಲ್ಲಾ ಕಲ್ಲಿಗೂ ಅರ್ಧ ಮಿಲಿಮೀಟರ್ ಕಡಿಮಿ ಹೇಳ್ತಾನ.
ಚರ್ಮ ದಪ್ಪ ಆಗ್ಯದ, ಅದಕ್ಕ ಇರಬೇಕು.
ಕೂಡಿಸಿದ್ರ ಬರೋಬ್ಬರಿ."
ತಪ್ಪು ಹಿಡಿದ ಖುಷಿ ದನಿಯಾಗ ಇರಲಿಲ್ಲ.
"ನಿಮ್ಮ ನಾಕು ನೂರಾಂಶಾನೂ ಕಳದೀನಿ" ಅಂದಳು.

ಆಕಿ ಹೋದ ಮ್ಯಾಲ ದವಡಿ ಮುಚ್ಚಿ ಕಿಡಕಿ ಬಿಸಿಲಿಗಿ ಹಿಡದೆ.
ಕೂದಲಷ್ಟು ಬೆಳಕು ಸೋರಿತು.
ಜೂನಿನಿಂದ ದಸರಾ ಸೂಟಿ ತನಕ
ಅರ ಮೊದ್ಲ ಹುಡುಗರ ಕೈಗೇ ಕೊಟ್ಟೀನಿ, ವೈಸಿನ ಹಿಡಿಕಿನೂ.
ಹುಡುಗೀರಿಗಿ ಬರಕೊಳ್ರಿ ಅಂದೀನಿ, ಅಕ್ಷರ ಛಂದ ಇರ್ತಾವಂತ.
ದಿನಾ ಒಂದೇ ಸುಳ್ಳು.

ಮಶಾಕನ ಅಮ್ಮಿ ಒಮ್ಮೆ ಕೇಳ್ಯಾಳ ಸಂತಿಯಾಗ, ಬದನಿಕಾಯಿ ಆರಿಸ್ಕೋತ:
"ಕಾರ್ಖಾನಿ ಮುಚ್ಚಿದ ಊರಾಗ ಇದೆಲ್ಲಾ ಕಲ್ತು ಪೋರ ಏನ್ ಮಾಡ್ತಾನ್ರಿ?"
ಹುಮನಾಬಾದಿನಾಗ ಕಂಪನಿ ಅವ, ಡಿಪ್ಲೊಮಾ ಅದ,
ಅದಾದ ಮ್ಯಾಲ ಸೀದಾ ಎರಡನೇ ವರ್ಷದ ಇಂಜಿನಿಯರಿಂಗ್ ಅಂತ ಹೇಳಿದೆ.
ತಲಿ ಆಡಿಸಿದಳು. ನಂಬಿದಳೋ ಇಲ್ಲೋ,
ಅದನ್ನ ಅಳಿಯೋ ಸಾಮಾನು ನನ್ನ ಹತ್ರ ಇಲ್ಲ.

ಮೊನ್ನೆ, ಹತ್ತನೇತ್ತೆ ಮುಗಿಸಿ,
ಜಗದೇವಿ ಪಾಲಿಟೆಕ್ನಿಕ್ ಅರ್ಜಿ ತುಂಬಿಸ್ಲಕ ಬಂದಿದ್ದಳು. ನಾನೂ ಹೋಗಿದ್ದೆ.
ತಂದೆಯ ಉದ್ಯೋಗ ಅನ್ನೋ ಕಡಿ
ಸೆಂಟರಿನ ಹುಡುಗ ಕೇಳದೇ "ಕೂಲಿ" ಒತ್ತಿದ.
"ಅಳಿಸ್ರಿ. ಕಲ್ಲಿನ ದಪ್ಪ ಹೇಳ್ತಾನ ಅಂತ ಹಾಕ್ರಿ."
ಪಟ್ಟಿಯಾಗ ಅಂಥದ್ದಿರಲಿಲ್ಲ. ಹುಡುಗ ಮ್ಯಾಲ ಕೆಳಗ ಜಗ್ಗಾಡಿ
"ಇತರೆ" ಅಂತ ಬಿಟ್ಟ.
ಆಕಿ ತುಟಿ ಬಿಗಿದು ಆ ಪದ ನೋಡಿಕೋತ ನಿಂತಳು.
ಎಷ್ಟು ಕೂಡಿಸಬೇಕು ಅಂತ
ಲೆಕ್ಕ ಹಾಕ್ಲತ್ತಿದ್ದಳು.