ಬಾಗಿಲು ಪಟ್ಟಿ

ಬಾಗಿಲು ಒಟ್ಟು ಅರವತ್ತೆರಡು.
ಮಂಡ್ಯದ ಗುತ್ತಲು ರಸ್ತೆಯಲ್ಲಿ ಏಳುತ್ತಿರುವ
ಹೆಣ್ಣುಮಕ್ಕಳ ಹಾಸ್ಟೆಲಿಗೆ
ನಾನು ಬರೆಯುವ ಕೊನೆಯ ಹಾಳೆ ಇದು:
ಯಾವ ಕದಕ್ಕೆ ಯಾವ ಬೀಗ, ಎಷ್ಟು ಲಿವರು,
ಹಿಡಿ ನೆಲದಿಂದ ಎಷ್ಟು ಎತ್ತರ.
ಗೋಡೆ ಗೀಚುವಾಗಿನ ಹುರುಪು ಇದಕ್ಕಿಲ್ಲ;
ಆಫೀಸಿನಲ್ಲಿ ಹೊಸಬರ ತಲೆಗೆ ಕಟ್ಟುತ್ತೇವೆ.
ಈ ಸಲ ನಾನೇ ಇಟ್ಟುಕೊಂಡೆ.

ಮೈಸೂರಿನ ಶಿವರಾಂಪೇಟೆ ಅಂಗಡಿಯಲ್ಲಿ
ಹಕೀಮುದ್ದೀನ್ ಸೇಟು ಗಾಜಿನ ಮೇಲೆ ಹಳೇ ಪೇಪರ್ ಹಾಸಿ
ಒಂದೊಂದೇ ಇಟ್ಟರು, ಬಳೆ ತೋರಿಸುವವರ ಹಾಗೆ.
'ಕೈಯಲ್ಲಿ ತೂಗಿ ನೋಡಿ ಮೇಡಂ.
ಇದು ಮಿಂಚುತ್ತೆ, ಒಳಗೆ ಬರೀ ಸತು.
ನಿಮ್ಮ ಮಂಡ್ಯದ ನಾಲೆ ಗಾಳಿಗೆ
ಎರಡೇ ವರ್ಷ, ಬಿಳೀ ಬೂಷ್ಟು.'
ಕಿವಿಯ ಹತ್ತಿರ ತಂದು ತಿರುಗಿಸಿದರು.
ಒಳ್ಳೆ ಬೀಗ ಒಂದು ಮಾತಾಡಿ ಸುಮ್ಮನಾಗುತ್ತದೆ,
ಕಳಪೆಯದು ಗೊಣಗುತ್ತಲೇ ಇರುತ್ತದೆ.

ಬಚ್ಚಲಿಗೆ: ಒಳಗೆ ಬೆರಳ ತಿರುಪು, ಹೊರಗೊಂದು ಸೀಳು.
ಯಾರಾದರೂ ತಲೆ ಸುತ್ತಿ ಬಿದ್ದರೆ
ರೂಪಾಯಿ ನಾಣ್ಯ ಹಾಕಿ ತೆರೆಯಬಹುದು.
ಒಂದು ರೂಪಾಯಿಗೆ ಇಷ್ಟು ಬೆಲೆ ಇನ್ನೆಲ್ಲಿ ಉಳಿದಿದೆ.

ನಮ್ಮ ಕಡೆ ಬೀಗದ ಕೈ ಅನ್ನುತ್ತೇವೆ.
ಹುಬ್ಬಳ್ಳಿಯಿಂದ ಬಂದ ನನ್ನ ಸಹಾಯಕ
ಬೀಗವನ್ನೇ ಕೀಲಿ ಎಂದ, ಇದನ್ನು ಕೀಲಿಕೈ.
ಇಬ್ಬರೂ ನಕ್ಕೆವು. ಎರಡರಲ್ಲೂ ಕೈ ಇದೆ.
ಪಟ್ಟಿಯಲ್ಲಿ ಅಳತೆಗೆ, ದರಕ್ಕೆ, ಬಣ್ಣಕ್ಕೆ ಕಾಲಂ ಇದೆ.
ಕೈ ಯಾರದು ಎಂಬುದಕ್ಕಿಲ್ಲ.

ಟ್ರಸ್ಟಿನ ಕಾರ್ಯದರ್ಶಿ ಜವರಪ್ಪನವರು ಹಾಳೆ ತಿರುವಿದರು.
'ಎಲ್ಲಾ ರೂಮಿಗೂ ಹೊರಗಡೆ ಚಿಲಕ ಇರಲಿ.
ಒಂಬತ್ತು ಗಂಟೆಗೆ ವಾರ್ಡನ್ ಹಾಕ್ಕೊಂಡು ಬರ್ತಾರೆ.
ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರೆ
ಏನಮ್ಮ ಬಂತು?'
ಯಾವ ಕೋಟೆ, ಯಾರ ಕೊಳ್ಳೆ ಎಂದು ಕೇಳಲಿಲ್ಲ.
ಬೆಂಕಿ ಎಂದೆ. ಹೊಗೆ ಎಂದೆ. ಕಾನೂನು ಎಂದೆ.
ಕಾನೂನಿಗೆ ಕಾಫಿ ತರಿಸಿದರು.
ಎರಡನೇ ಲೋಟದ ಹೊತ್ತಿಗೆ
ಹೊರಗಿನ ಚಿಲಕ ಹೊಡೆದುಹಾಕಿದೆ, ಕೆಂಪು ಇಂಕಿನಲ್ಲಿ,
ಮೂವತ್ತಾರು ಸಾಲು.

ತಪ್ಪು ಬೇರೆ ಕಡೆ ಆಯಿತು.
ಬೀಗಕ್ಕೂ ಎಡಗೈ ಬಲಗೈ ಇರುತ್ತದೆ, ಬರೆಯಲು ಮರೆತೆ.
ಬಸವಾಚಾರಿ ಹನ್ನೊಂದು ಕದ ಕೊರೆದು ಕೂತು
ಬೀಡಿ ಆರಿಸಿ ಹೇಳಿದ:
'ಮರಕ್ಕೆ ತೇಪೆ ಹಾಕ್ಬೋದು ಮೇಡಂ. ಅದು ಮರೆಯಲ್ಲ, ಅಷ್ಟೆ.'

ಹಿಂದಿನ ಮೆಟ್ಟಿಲ ಬಾಗಿಲಿಗೆ ಅಡ್ಡ ಸರಳು ಬರೆದಿದ್ದೆ,
ಸೊಂಟದಲ್ಲಿ ನೂಕಿದರೂ ತೆರೆಯುವಂಥದು,
ಕತ್ತಲಲ್ಲಿ ಯಾರೂ ಏನನ್ನೂ ತಡಕಬಾರದು ಎಂದು.
ಇಡೀ ಪಟ್ಟಿಯಲ್ಲಿ ಅದೇ ದುಬಾರಿ.
ಸೇಟು ಕೂಡ ಒಮ್ಮೆ ಕನ್ನಡಕ ತೆಗೆದು ನೋಡಿದ್ದರು.

ಎಂಟು ತಿಂಗಳ ಮೇಲೆ ಹೋದೆ.
ಕಬ್ಬು ಅರೆಯುವ ಕಾಲ, ಊರೆಲ್ಲ ಕಾಕಂಬಿ ವಾಸನೆ.
ಹಿಡಿಗಳು ಬಿಗಿಯಾಗಿವೆ, ಕೀಲು ಕಿರುಗುಟ್ಟುವುದಿಲ್ಲ,
ಹನ್ನೊಂದು ತೇಪೆಗೂ ಪಾಲಿಶ್ ಕೂತಿದೆ.
ಹಿಂದಿನ ಮೆಟ್ಟಿಲಿಗೆ ಬಂದರೆ
ನನ್ನ ಅಡ್ಡ ಸರಳಿಗೆ ಎಮ್ಮೆ ಕಟ್ಟುವ ಸರಪಳಿ,
ಸರಪಳಿಗೆ ಸಂತೆಯ ಬೀಗ.

ಅಡುಗೆಯ ಬೋರಮ್ಮ ಮುದ್ದೆ ಕೋಲು ಹಿಡಿದೇ ಬಂದಳು.
'ಗಾಬ್ರಿ ಬೀಳ್ಬೇಡಿ ಕಣವ್ವ. ಸೆಕ್ರೆಟ್ರಿ ಬರೋ ದಿನ ಮಾತ್ರ ಹಾಕೋದು.
ಮಿಕ್ಕಿದ್ದಿನ ಸುಮ್ಕೆ ನೇತಾಕಿರ್ತೀವಿ.'
ಎಳೆದಳು. ಬೀಗ ಬಾಯಿ ಬಿಟ್ಟೇ ಇತ್ತು.
'ಆ ದಿನಕ್ಕೂ ಇರ್ಲಿ ಅಂತ ಕೈ ಇಲ್ಲೇ ಮಡಗಿವ್ನಿ.'
ಚೌಕಟ್ಟಿನ ಪಕ್ಕ ಒಂದು ಮೊಳೆ,
ಮೊಳೆಗೆ ಕೆಂಪು ಟೇಪು ಕಟ್ಟಿದ ಬೀಗದ ಕೈ.
'ಇಷ್ಟು ಕೆಳಗೆ ಯಾಕೆ?'
'ಪುಟ್ಟಲಕ್ಷ್ಮಿ ಅಂತವ್ಳೆ, ಎಲ್ಲಾರ್ಗಿಂತ ಗಿಡ್ಡಿ.
ಅವ್ಳಿಗೆ ಎಟುಕಿದ್ರೆ ಎಲ್ಲಾರ್ಗೂ ಎಟುಕ್ತದೆ.'

ಅಭ್ಯಾಸಬಲ, ಟೇಪು ಹಿಡಿದು ಅಳೆದೆ:
ಮೂರು ಅಡಿ ಒಂಬತ್ತು ಅಂಗುಲ.

ಸಂಜೆಯ ಪ್ಯಾಸೆಂಜರ್ ಪಾಂಡವಪುರ ದಾಟುವ ಮುಂಚೆ
ಟ್ರಸ್ಟಿಗೆ ಪತ್ರ ಬರೆದೆ.
ಸರಪಳಿ ತಕ್ಷಣ ತೆಗೆಸಬೇಕು, ನಿಯಮದ ಸಂಖ್ಯೆ ಇಂಥದು,
ಪ್ರತಿ ಜಿಲ್ಲಾಧಿಕಾರಿಗಳಿಗೆ.
ಬರೆಯಲೇಬೇಕಾದ್ದು ಎಲ್ಲ ಬರೆದೆ.
ಮೊಳೆಯ ವಿಷಯ ಬರೆಯಲಿಲ್ಲ.