ನೋಡಿಲ್ಲ

ಬೆಳಗಿನ ಐದೂಮುಕ್ಕಾಲು. ನಾಪೋಕ್ಲು ಸೊಸೈಟಿಯ
ಗೋಣಿಚೀಲ ನಾರುವ ಹಿಂಬದಿಯ ಕೋಣೆಯಲ್ಲಿ
ಪರದೆ ತೆರೆದೆ. ಅರಬ್ಬೀ ಸಮುದ್ರ ಇರಬೇಕಾದಲ್ಲಿ
ಬೂದು ಚೌಕ. ಕೆಳಗೆ ಒಂದೇ ಸಾಲು, ಬಲು ಮರ್ಯಾದೆಯಿಂದ:
ಈ ಮಾಹಿತಿ ಇನ್ನು ಮುಂದೆ ಲಭ್ಯವಿಲ್ಲ.

ಆರಕ್ಕೆ ನಾನು ಮಾತಾಡಬೇಕು.
ಮುನ್ನೂರ ಹನ್ನೆರಡು ಫೋನುಗಳು ಕಾಯುತ್ತವೆ:
ಕಕ್ಕಬ್ಬೆಯ ಜೀಪಿನವರು, ಲೈನುಮನೆಯ ಪೊನ್ನಿ,
ಬೇತು ಬಯಲಿನಲ್ಲಿ ನಾಟಿಗೆ ಆಳು ಕರೆದವರು,
ಗುಡ್ಡ ಜಾರಿದ ವರ್ಷದಿಂದ
ಚಪ್ಪಲಿ ಬಾಗಿಲಲ್ಲೇ ಇಟ್ಟು ಮಲಗುವವರು.
ಚೋಂದಮ್ಮ ಏನಂದಳು ಎಂದು ಕೇಳಿಯೇ
ಒಲೆ ಹೊತ್ತಿಸುವವರು.

ಕೊಂಡಿ ಕಡಿದವರಿಗೆ ನನ್ನ ಹೆಸರು ಗೊತ್ತಿಲ್ಲ.
ಎಲ್ಲೋ ಒಂದು ಕಚೇರಿ, ಒಂದು ಸಹಿ,
ಆಮೇಲೆ ಒಂದು ಲೋಟ ಕಾಫಿ.
ನಮ್ಮದೇ ಕಾಫಿಯೂ ಇದ್ದೀತು.

ಉಪಗ್ರಹ ಬಿದ್ದಿಲ್ಲ, ಕೆಟ್ಟಿಲ್ಲ.
ಈಗಲೂ ದಿನಕ್ಕೆರಡು ಸಲ ತಡಿಯಂಡಮೋಳಿನ ನೆತ್ತಿ ದಾಟುತ್ತದೆ.
ಮೋಡದ ಬೆನ್ನು ತೋರಿಸುವ ಚಿತ್ರಗಳು ಬೇರೆ ಇವೆ,
ಹೊಟ್ಟೆಗೆ ಕೈಹಾಕಿ ನೀರಿನ ತೂಕ ಹೇಳುತ್ತಿದ್ದದ್ದು ಇದೊಂದೇ.
ಈಗಲೂ ಹೇಳುತ್ತದೆ, ಯಾರಿಗೋ.
ಮುನಿಸಿಕೊಂಡ ನೆಂಟರ ಮನೆಯ ಹಾಗೆ:
ಒಳಗೆ ದೀಪ ಉರಿಯುತ್ತಿದೆ, ಮಾತು ಕೇಳಿಸುತ್ತಿದೆ,
ಅಗುಳಿ ಹಾಕಿದೆ.

ಇನ್ನೊಂದಿತ್ತು, ಯಾರಿಗೂ ಹೇಳಿಲ್ಲ.
ಕೆಲಸ ಮುಗಿದ ಮೇಲೆ ನಾನು ದಿನಾ
ಉತ್ತರ ಧ್ರುವದ ಮಂಜುಗಡ್ಡೆ ನೋಡುತ್ತಿದ್ದೆ.
ತಿಂಗಳುಗಟ್ಟಲೆ ಕತ್ತಲಿದ್ದಾಗಲೂ ಕಾಣುತ್ತಿತ್ತು,
ಬೆಳಕು ಬೇಡದ ಆ ಕಣ್ಣಿಗೆ.
ಅಂಚು ನಿನ್ನೆಗಿಂತ ಒಂದುಗುರು ಒಳಗೆ,
ಇವತ್ತು ಅರ್ಧ ಉಗುರು ಹೊರಗೆ.
ಯಾಕೆ ಅಂದರೆ ಏನು ಹೇಳಲಿ,
ಮಲಗುವ ಮುಂಚೆ ಕೆಲವರು ಕೊಟ್ಟಿಗೆಗೊಮ್ಮೆ
ಸುಮ್ಮನೆ ಇಣುಕಿ ಬರುವುದಿಲ್ಲವೇ.

ನಾನು ಕೈಯಾರೆ ಮುಟ್ಟಿದ ಮಂಜುಗಡ್ಡೆ
ಮಾಕುಟ್ಟದ ಘಾಟಿ ಹತ್ತಿ ಸಂತೆಗೆ ಬರುತ್ತದೆ,
ಮೊಯ್ದೂಟಿಯ ಲಾರಿಯಲ್ಲಿ, ಮತ್ತಿಮೀನಿನ ಮೇಲೆ.
ಒಂಬತ್ತಕ್ಕೆ ಕಲ್ಲು, ಹನ್ನೊಂದಕ್ಕೆ ಗಾಜು,
ಒಂದು ಗಂಟೆಗೆ ನಾಯಿ ನೆಕ್ಕುವ ನೀರು.
"ಮೀನಿನ ಕಣ್ಣು ಆಮೇಲೆ ನೋಡಿ, ಮೊದಲು ಐಸ್ ನೋಡಿ,"
ಅನ್ನುತ್ತಾನೆ ಮೊಯ್ದೂಟಿ.

ಬೀರುವಿನ ಮೇಲೆ ಕುಟ್ಟಯ್ಯನವರ ಮಳೆಪುಸ್ತಕ.
ಅವರು ಹೋದ ಮೇಲೆ ತೋಟ ಕೊಂಡವರು
ಹಳೇ ತಕ್ಕಡಿಯ ಜೊತೆ ಇಲ್ಲಿ ತಂದು ಬಿಸಾಡಿದ್ದರು.
ನೀಲಿ ಶಾಯಿ, ಇಂಚು, ಸೆಂಟು.
ಮಾರ್ಚ್: ಹೂಮಳೆ, ಒಂದು ಇಂಚು ಹತ್ತು. ಸಾಕು.
ಜುಲೈ: ಹನ್ನೊಂದು ಇಂಚು. ಸೇತುವೆ ಮುಳುಗಿದೆ, ಅಂಚೆ ಇಲ್ಲ.
ಮೂವತ್ತೆಂಟು ವರ್ಷ. ಹನಿಯಿಲ್ಲದ ದಿನಕ್ಕೂ
ದುಂಡಗೆ ಒಂದು ಸೊನ್ನೆ.

ಒಂದು ಜೂನಿನಲ್ಲಿ ಮಾತ್ರ ಒಂಬತ್ತು ದಿನ
ಅಂಕಿಯೂ ಇಲ್ಲ, ಸೊನ್ನೆಯೂ ಇಲ್ಲ.
ಮಡಿಕೇರಿ ಆಸ್ಪತ್ರೆಯಲ್ಲಿದ್ದರಂತೆ.
ವಾಪಸು ಬಂದು ಪಕ್ಕದ ತೋಟದಲ್ಲಿ ಕೇಳಿ ತುಂಬಬಹುದಿತ್ತು,
ಅಂದಾಜು ಬರೆದಿದ್ದರೂ ಕೇಳುವವರಿರಲಿಲ್ಲ.
ಒಂಬತ್ತು ಮನೆಗಳಲ್ಲೂ, ಅದೇ ಶಾಯಿಯಲ್ಲಿ,
ಕೈ ಸ್ವಲ್ಪ ಅದುರಿದೆ:
ನೋಡಿಲ್ಲ. ನೋಡಿಲ್ಲ. ನೋಡಿಲ್ಲ.

ಐದು ಐವತ್ತೆಂಟು. ಹೊರಗೆ ಹೋಗಿ
ಮಳೆಮಾಪಕದ ಹಿತ್ತಾಳೆ ಆಲಿಕೆ ಎತ್ತಿದೆ.
ಎರಡು ಇಂಚು ಅರವತ್ತು. ಬಿದ್ದು ಮುಗಿದ ಮಳೆ.
ಬರುವುದರ ಬಗ್ಗೆ ಆಲಿಕೆಗೆ ಏನೂ ಗೊತ್ತಿಲ್ಲ.
ನಿನ್ನೆಯವರೆಗೆ ನನಗೆ ಗೊತ್ತಿತ್ತು.
ಪಡುವಣಕ್ಕೆ ಬೆಟ್ಟಗಳೇ ಇಲ್ಲ, ಬರೀ ಬಿಳಿ.

ಫೋನಿನ ಗುಂಡಿ ಒತ್ತಿ ಹಿಡಿದೆ.
"ನಾನು ಚೋಂದಮ್ಮ. ರಾತ್ರಿ ಎರಡು ಇಂಚು ಅರವತ್ತು ಸೆಂಟು.
ಇವತ್ತಿನದು..."
ಏನಿಲ್ಲ ಅಂದರೆ ಸುಳ್ಳು.
ಓಡಿ ಅಂದರೂ ಸುಳ್ಳು.
"ಇವತ್ತಿನದು ನಾನು ನೋಡಿಲ್ಲ."

ಸ್ವಲ್ಪ ಹೊತ್ತು ಯಾರೂ ಏನೂ ಅನ್ನಲಿಲ್ಲ.
ಆಮೇಲೆ ಪೊನ್ನಿಯ ದನಿ, ಹಿಂದೆ ತಗಡಿನ ಮೇಲೆ ಮಳೆ:
"ಅಕ್ಕಾ, ಮೇಲಿನ ತೋಡಿನ ನೀರು
ರಾತ್ರಿಯಿಂದ ಕೆಂಪಗೆ ಬರ್ತಾ ಉಂಟು.
ನಿಮಗೆ ಹೇಗೂ ಕಾಣ್ತದಲ್ಲ ಅಂತ
ಹೇಳದೆ ಸುಮ್ಮನಿದ್ದೆ."