ಉಳಿದ ಬೀಜ

ಚೌಕಿಪೇಟೆಯ ಓಣಿ, ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿ.
ಬುಡೇನ್ ಸಾಬರು ಕರಡಚ್ಚು ತಿದ್ದುತ್ತಾರೆ.
ಅವರಪ್ಪ ಬಿಲ್ಲು ಹೊತ್ತು, ಗಾದಿಯ ಹತ್ತಿ ಹಿಂಜುತ್ತ
ದಾವಣಗೆರೆಯ ಮನೆಮನೆ ತಿರುಗಿದವರು;
ಇವರ ಕೈಯಲ್ಲಿ ಕೆಂಪು ರೀಫಿಲ್ಲು.
"ಕಸುಬು ಅದೇ ನೋಡಮ್ಮ,
ಉಳಿದ ಬೀಜ ಸಿಗಬೇಕು, ಎಳೆ ಹರಿಯಬಾರದು."

ಲಗ್ನಪತ್ರಿಕೆಯವರು ನಿಂತೇ ಇರುತ್ತಾರೆ, ಅವಸರ.
ಮೊನ್ನೆ "ವಧು" ಹೋಗಿ "ವಧೆ" ಆಗಿತ್ತು;
ಐನೂರು ಪ್ರತಿ ಉಳಿಯಿತು, ಎರಡು ಮನೆಯ ಮಾನವೂ.
ಪಿಎಚ್.ಡಿ. ಹುಡುಗ ನಾನೂರು ಪುಟ ತಂದ,
ಒಂದೇ ಊರಿಗೆ ಅವನಲ್ಲಿ ಮೂರು ಕಾಗುಣಿತ.
ನಿವೃತ್ತ ಸಬ್‌ರಿಜಿಸ್ಟ್ರಾರ್ ಹಾಲೇಶಪ್ಪನವರಂತೂ
ಆತ್ಮಕಥೆಯ ತುಂಬ ಆಶ್ಚರ್ಯಸೂಚಕ ನೆಟ್ಟಿದ್ದರು.
ಸಾಬರು ಎರಡನ್ನಷ್ಟೇ ಬಿಟ್ಟರು:
ಮೊದಲ ಸಂಬಳ, ಮಗಳು ಹುಟ್ಟಿದ್ದು.

ನನ್ನದು ಎಪ್ಪತ್ತು ಪುಟದ ಕವಿತೆ.
ನಾಲ್ಕು ಸಲ ನಾನೇ ಓದಿದ್ದೇನೆಂದು ಬೀಗುತ್ತಿದ್ದೆ.
"ಬರೆದವರಿಗೆ ಅದು ಬಾಯಿಪಾಠ.
ಕಣ್ಣು ಓದೋದಿಲ್ಲ, ನೆನಪು ಮಾಡಿಕೊಳ್ತದೆ."
ಅವ್ವನ "ಹೊಂಟೆ" ಮಾತ್ರ ಮುಟ್ಟಲಿಲ್ಲ.
ಅಂಚಿನಲ್ಲಿ, ಪೆನ್ಸಿಲಿನಲ್ಲಿ: ಇರಲಿ.

ಮೂವತ್ತೊಂದನೆಯ ಪುಟಕ್ಕೆ ಬರುವಾಗ ಚಹಾ ಆರಿತ್ತು.
"ಮಿಲ್ಲಿಗೆ ಬೀಗ ಬಿದ್ದ ರಾತ್ರಿ
ಅಪ್ಪ ಹತ್ತಿದ್ದು ಯಾರೂ ನೋಡಲಿಲ್ಲ."
"ಏನು ಹತ್ತಿದರು, ಏಣಿಯಾ?"
ಕೇಳಿದರು, ನಗಲಿಲ್ಲ.
ಎಲ್ಲಿ ಹ, ಎಲ್ಲಿ ಅ, ತಿಳಿಯದ ನಾಲಗೆ ನಮ್ಮ ಮನೆಯದು;
ನಾಲ್ಕು ಸಲವೂ ನನಗೆ ಕಾಣದ್ದು.
ಕೆಂಪು ಗೀರೆಳೆದು ಪಕ್ಕದಲ್ಲಿ ಬರೆದರು
ಒಂದು ಪುಟ್ಟ ಅ.

ಇಪ್ಪತ್ತಾರು ವರ್ಷದ ಮೇಲೆ
ಅಪ್ಪ ಅತ್ತ,
ಓದುವವರೆಲ್ಲ ನೋಡುವ ಹಾಗೆ.